ವಿಜ್ಞಾನದ ನೋಟ್ ಬುಕ್ಕನ್ನು ಮಕ್ಕಳ ಕೈಲಿ ಹೇಗೆ ಬರೆಸುತ್ತೀರಿ?

ಹೊಸದುರ್ಗ ಪಿಸಿಎಂ

ಎಲ್ಲರಿಗೂ ನಮಸ್ಕಾರ. ಹೊಸದುರ್ಗ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಪಿಸಿಎಂ (ಭೌತ, ರಸಾಯನ, ಗಣಿತ) ಶಿಕ್ಷಕಿ ನಾನು. ಈ ವರ್ಷ 8ನೇ ತರಗತಿಯವರ ವಿಜ್ಞಾನ ನೋಟ್ ಬುಕ್ ಬೇರೆ ಥರ ಮಾಡಿಸಬೇಕು ಅಂತ ಇದೆ.

ಈಗಿನ ಪದ್ಧತಿ ನಿಮಗೆಲ್ಲ ಗೊತ್ತೇ ಇದೆ. ನಾನು ಬೋರ್ಡ್ ಮೇಲೆ ಪ್ರಶ್ನೋತ್ತರ ಬರೆಯುತ್ತೇನೆ. ಮಕ್ಕಳು ಕಪ್ಪು ಪೆನ್ನಲ್ಲಿ ಪ್ರಶ್ನೆ, ನೀಲಿ ಪೆನ್ನಲ್ಲಿ ಉತ್ತರ ಇಳಿಸಿಕೊಳ್ಳುತ್ತಾರೆ. ನಾನು ಕೆಂಪು ಪೆನ್ನಲ್ಲಿ ರೈಟ್ ಹಾಕಿ ಸಹಿ ಮಾಡುತ್ತೇನೆ. ನಲವತ್ತು ಬುಕ್ಕು ತೆಗೆದರೆ ನಲವತ್ತರಲ್ಲೂ ಅದೇ ವಾಕ್ಯ, ಕೈಬರಹ ಮಾತ್ರ ಬೇರೆ. ನನ್ನದೇ ಬರಹವನ್ನು ನಾನೇ ನಲವತ್ತು ಸಲ ತಿದ್ದಿದ ಹಾಗೆ ಆಗುತ್ತದೆ.

ಕೇಳಬೇಕಾದದ್ದು ಇಷ್ಟು. ಬುಕ್ಕನ್ನು ಮೊದಲ ದಿನ ಹೇಗೆ ರೆಡಿ ಮಾಡಿಸುತ್ತೀರಿ? ನಮ್ಮ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಮೇಡಂಗೂ ನನಗೂ ಸೇರಿ ಒಂದೇ ಬುಕ್ಕಾ, ಬೇರೆ ಬೇರೆಯಾ? ತಿದ್ದುವುದು ಹೇಗೆ? ಲ್ಯಾಬ್ ಅಂತ ಪ್ರತ್ಯೇಕ ಕೋಣೆ ಇಲ್ಲ, ಸ್ಟಾಫ್ ರೂಮಿನಲ್ಲಿ ಒಂದು ಬೀರು ಇದೆ, ಅಷ್ಟೇ.

ಹರಿಹರದ ನಿವೃತ್ತ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ ಮೇಡಂ. ಮೊದಲ ಪೀರಿಯಡ್ಡನ್ನು ಪೂರ್ತಿ ಬುಕ್ಕಿಗೇ ಕೊಡಿ, ಪಾಠ ಮಾರನೇ ದಿನ ಶುರುವಾದರೆ ಏನೂ ಮುಳುಗಿ ಹೋಗುವುದಿಲ್ಲ.

200 ಪುಟದ ಲಾಂಗ್ ಬುಕ್ ಸಾಕು. ಮೊದಲ ನಾಲ್ಕು ಪುಟ ಪರಿವಿಡಿಗೆ ಬಿಡಿಸಿ. ಆಮೇಲೆ ಎಲ್ಲ ಪುಟಕ್ಕೂ ನಂಬರ್ ಹಾಕಿಸಿ, ಅದೂ ಅಲ್ಲೇ ಕೂತು, ಕ್ಲಾಸಿನಲ್ಲೇ. ಮನೆಯಲ್ಲಿ ಹಾಕಿಕೊಂಡು ಬನ್ನಿ ಅಂದರೆ ಅರ್ಧ ಮಕ್ಕಳು ಹಾಕುವುದಿಲ್ಲ. ನಂಬರ್ ಬಿದ್ದ ಮೇಲೆ ಹಾಳೆ ಹರಿಯುವುದು ತಾನಾಗಿ ನಿಲ್ಲುತ್ತದೆ, ಯಾಕೆಂದರೆ ಹರಿದರೆ ಗೊತ್ತಾಗುತ್ತದೆ. ಪ್ರತಿ ದಿನದ ಬರಹಕ್ಕೂ ತಾರೀಖು. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು. ವೈಟ್ನರ್ ಅಂತೂ ಬೇಡವೇ ಬೇಡ.

ಇನ್ನು ಮುಖ್ಯವಾದದ್ದು. ಬುಕ್ಕು ತೆರೆದಾಗ ಬಲಗಡೆ ಪುಟ ನಿಮ್ಮದು. ನೀವು ಹೇಳಿದ್ದು, ಪುಸ್ತಕದ ವ್ಯಾಖ್ಯೆ, ಸಮೀಕರಣ, ಚಿತ್ರ ಎಲ್ಲ ಅಲ್ಲಿಗೆ. ಎಡಗಡೆ ಪುಟ ಮಗುವಿನದು. ಅದು ಕಣ್ಣಲ್ಲಿ ಕಂಡದ್ದು, ಮೊದಲೇ ಊಹಿಸಿದ್ದು, ಅರ್ಥವಾಗದ್ದು, ಮನೆಯಲ್ಲಿ ನೋಡಿದ್ದು ಅಲ್ಲಿ ಬರೆಯಬೇಕು. ಎಡಗಡೆ ಪುಟದಲ್ಲಿ ಕಾಗುಣಿತ ತಿದ್ದಬೇಡಿ. ಒಮ್ಮೆ ತಿದ್ದಿದಿರೋ, ಮಾರನೇ ದಿನದಿಂದ ಆ ಪುಟ ಖಾಲಿ ಇರುತ್ತದೆ.

ವಿಜ್ಞಾನಿ ಮೈಕೆಲ್ ಫ್ಯಾರಡೆ ಕಥೆಯನ್ನು ಮಕ್ಕಳಿಗೆ ಹೇಳಿ. ಬುಕ್ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. 1812ರಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿ, ನೋಟ್ಸ್ ಬರೆದು, ಚಿತ್ರ ಹಾಕಿ, ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿದ. ಮುಂದಿನ ವರ್ಷ ಡೇವಿಯ ಪ್ರಯೋಗಾಲಯದಲ್ಲೇ ಕೆಲಸ ಸಿಕ್ಕಿತು. ಆಮೇಲೆ ತನ್ನ ಪ್ರಯೋಗದ ಟಿಪ್ಪಣಿಗಳಿಗೆ ಒಂದೊಂದಕ್ಕೂ ನಂಬರ್ ಹಾಕುತ್ತಾ ಹೋದ, ಅದು 16 ಸಾವಿರ ದಾಟಿತು. ಕೈಕೊಟ್ಟ ಪ್ರಯೋಗಗಳೂ ಅದರಲ್ಲಿ ಇವೆ.

ದಾವಣಗೆರೆ ಟ್ಯೂಷನ್ ಸರ್

ಮೇಷ್ಟ್ರೇ, ಕೇಳೋಕೆ ಚೆನ್ನಾಗಿದೆ. ಆದರೆ ಎಸ್ಸೆಸ್ಸೆಲ್ಸಿ ವಿಜ್ಞಾನಕ್ಕೆ 80 ಅಂಕ ಲಿಖಿತ ಪರೀಕ್ಷೆ, 20 ಆಂತರಿಕ. ಆ 80ರಲ್ಲಿ ಮಗು ತನ್ನ ಮಾತಿನಲ್ಲಿ ಬರೆದರೆ ಮೌಲ್ಯಮಾಪಕರು ಎಷ್ಟು ಕೊಡುತ್ತಾರೆ? ಅವರ ಕೈಲಿ ಕೀ ಉತ್ತರ ಇರುತ್ತದೆ, ಪಾಯಿಂಟ್ ಹುಡುಕುತ್ತಾರೆ, ಮುಂದಿನ ಪೇಪರ್‌ಗೆ ಹೋಗುತ್ತಾರೆ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಎರಡು ಥರ ಇದ್ದಾರೆ. ಒಬ್ಬರಿಗೆ ಎಲ್ಲ ಅರ್ಥವಾಗಿರುತ್ತದೆ, "ವಕ್ರೀಭವನ ಎಂದರೇನು" ಅಂದರೆ ಕೈ ಆಡಿಸಿ ತೋರಿಸುತ್ತಾರೆ, ಬರೆಯೋಕೆ ಬರುವುದಿಲ್ಲ. ಇನ್ನೊಬ್ಬರಿಗೆ ಅರ್ಥವಾಗಿರುವುದಿಲ್ಲ, ಆದರೆ ಪುಸ್ತಕದ ವ್ಯಾಖ್ಯೆ ಪೂರ್ತಿ ಬಾಯಿಪಾಠ. ಮಾರ್ಕ್ಸ್ ಯಾರಿಗೆ ಬರುತ್ತದೆ ಹೇಳಿ?

ಎಡಗಡೆ ಪುಟ ಬಿಟ್ಟರೆ ಅರ್ಧ ಬುಕ್ಕು ಹೋಯಿತು. ವರ್ಷಕ್ಕೆ ಎರಡು ಬುಕ್ಕು ಬೇಕಾಗುತ್ತದೆ. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ ಸಿಗುತ್ತದೆ, ನೋಟ್ ಬುಕ್ಕು ಅಪ್ಪ ಅಮ್ಮನೇ ತರಬೇಕಲ್ವಾ?

ಚನ್ನಗಿರಿ ಸಿಬಿಝಡ್

ಟ್ಯೂಷನ್ ಸರ್ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೂ ನನ್ನ ಕ್ಲಾಸಿನ ಒಂದು ಪುಟದ ಬಗ್ಗೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಓದಿ.

10ನೇ ತರಗತಿ ಮೊದಲ ಪಾಠದಲ್ಲಿ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಮುಳುಗಿಸುವ ಚಟುವಟಿಕೆ ಇದೆಯಲ್ಲ. ಇಪ್ಪತ್ತು ನಿಮಿಷ ಬಿಟ್ಟು ತೆಗೆದರೆ ಮೊಳೆ ಕಂದು ಬಣ್ಣಕ್ಕೆ ತಿರುಗಿರುತ್ತದೆ, ದ್ರಾವಣದ ನೀಲಿ ಕಡಿಮೆ ಆಗಿರುತ್ತದೆ. ಬಲಗಡೆ ಪುಟದಲ್ಲಿ ಎಲ್ಲರೂ ಬರೆದರು: ಕಬ್ಬಿಣವು ತಾಮ್ರವನ್ನು ಸ್ಥಾನಪಲ್ಲಟಗೊಳಿಸುತ್ತದೆ, ಕಬ್ಬಿಣದ ಸಲ್ಫೇಟ್ ಮತ್ತು ತಾಮ್ರ ಉಂಟಾಗುತ್ತವೆ. ಎಡಗಡೆ ಪುಟದಲ್ಲಿ "ಇಂಥದ್ದನ್ನು ಬೇರೆ ಎಲ್ಲಾದರೂ ನೋಡಿದ್ದೀರಾ" ಅಂತ ಒಂದೇ ಪ್ರಶ್ನೆ ಕೊಟ್ಟಿದ್ದೆ.

ನಮ್ಮದು ಅಡಿಕೆ ಸೀಮೆ. ಒಬ್ಬ ಹುಡುಗ ಬರೆದಿದ್ದ: "ನಮ್ಮಜ್ಜ ಔಷಧಿ ಹೊಡೆಯೋ ದಿನ ಮೈಲುತುತ್ತ ಸುಣ್ಣ ಕಲಸಿ ಅದರಲ್ಲಿ ಕುಡುಗೋಲು ಅದ್ದುತ್ತಾರೆ. ಕುಡುಗೋಲು ಕೆಂಪಾದರೆ ಇನ್ನೂ ಸುಣ್ಣ ಹಾಕು ಅಂತಾರೆ."

ಓದಿ ನನಗೆ ಖುಷಿಯೋ ಖುಷಿ. ಮೈಲುತುತ್ತ ಅಂದರೆ ಅದೇ ತಾಮ್ರದ ಸಲ್ಫೇಟ್. ಬೋರ್ಡೋ ದ್ರಾವಣ ಗೊತ್ತಲ್ಲ, ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವುದು. ಶೇಕಡಾ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಸುಣ್ಣ ಕಡಿಮೆ ಬಿದ್ದರೆ ತಾಮ್ರ ಇನ್ನೂ ನೀರಿನಲ್ಲಿ ಕರಗಿಕೊಂಡೇ ಇರುತ್ತದೆ, ಗಿಡಕ್ಕೆ ಹೊಡೆದರೆ ಎಲೆ, ಹಿಂಗಾರ (ಅಡಿಕೆಯ ಹೂಗೊಂಚಲು) ಸುಡುತ್ತದೆ. ಕಬ್ಬಿಣ ಅದ್ದಿದರೆ ಆ ತಾಮ್ರ ಬಂದು ಕುಡುಗೋಲಿನ ಮೇಲೆ ಕೂರುತ್ತದೆ. ಅಂದರೆ ಅಜ್ಜ ಪ್ರತಿ ಮಳೆಗಾಲದಲ್ಲೂ ತೋಟದಲ್ಲಿ ಮಾಡುತ್ತಿರುವುದು ಪಾಠದ ಅದೇ ಪ್ರಯೋಗ!

ಆ ಪುಟವನ್ನು ಕ್ಲಾಸಿಗೆ ಓದಿ ಹೇಳಿದೆ. ತಕ್ಷಣ ಹಿಂದಿನ ಬೆಂಚಿನ ಹುಡುಗಿ ಕೇಳಿದಳು, "ಮಿಸ್, ಅದಕ್ಕೇನಾ ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬಾರದು, ಪ್ಲಾಸ್ಟಿಕ್ ಡ್ರಮ್ಮೇ ಬೇಕು ಅನ್ನೋದು?" ಅದಕ್ಕೇ. ಕಬ್ಬಿಣದ ಡ್ರಮ್ಮಾದರೆ ತಾಮ್ರವೆಲ್ಲ ಡ್ರಮ್ಮಿಗೇ ಹೋಗುತ್ತದೆ, ಡ್ರಮ್ಮೂ ತೂತು ಬೀಳುತ್ತದೆ. ಇದು ಯಾವ ಗೈಡಿನಲ್ಲೂ ಇಲ್ಲ. ಆ ಮಕ್ಕಳಿಗೆ ಸ್ಥಾನಪಲ್ಲಟ ಕ್ರಿಯೆಗೆ ಉದಾಹರಣೆ ಕೊಡಿ ಅಂದರೆ ಈಗ ಬಾಯಿಪಾಠ ಬೇಕಿಲ್ಲ.

ಇದು ಬೋರ್ಡ್ ನೋಡಿ ಬರೆಯುವ ಬುಕ್ಕಿನಲ್ಲಿ ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಹುಡುಗನಿಗೆ ಗೊತ್ತಿತ್ತು, ಹೇಳೋಕೆ ಜಾಗ ಇರಲಿಲ್ಲ.

ದಾವಣಗೆರೆ ಟ್ಯೂಷನ್ ಸರ್

ಇದು ನಿಜಕ್ಕೂ ಚೆನ್ನಾಗಿದೆ ಮೇಡಂ. ಆದರೆ ಆ ಹುಡುಗ ಪರೀಕ್ಷೆಯಲ್ಲಿ ಕುಡುಗೋಲು ಕೆಂಪಾಯಿತು ಅಂತಷ್ಟೇ ಬರೆದು ಬಂದರೆ?

ಚನ್ನಗಿರಿ ಸಿಬಿಝಡ್

ಅದಕ್ಕೇ ಎರಡು ಪುಟ ಸರ್. ಪಾಠ ಮುಗಿದ ಮೇಲೆ ಕೆಳಗೆ ಮೂರು ಸಾಲು ಬರೆಸುತ್ತೇನೆ. ಎಡಗಡೆ ಕಂಡದ್ದನ್ನು ಬಲಗಡೆಯ ಪದಗಳಲ್ಲಿ ಬರೆಯಿರಿ ಅಂತ. "ಕುಡುಗೋಲಿನ ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ, ಆದ್ದರಿಂದ..." ಹೀಗೆ. ಈ ಮೂರು ಸಾಲು ಮಾತ್ರ ನಾನು ಕಟ್ಟುನಿಟ್ಟಾಗಿ ತಿದ್ದುತ್ತೇನೆ, ಕಾಗುಣಿತ ಸಮೇತ.

ದಾವಣಗೆರೆ ಟ್ಯೂಷನ್ ಸರ್

ಆ ಮೂರು ಸಾಲಿಗೆ ನನ್ನ ಒಪ್ಪಿಗೆ ಇದೆ. ಉಳಿದದ್ದಕ್ಕೆ ಇನ್ನೂ ಇಲ್ಲ 😀

ವಿದ್ಯಾನಗರದ ಅಮ್ಮ

ನಾನು ಟೀಚರ್ ಅಲ್ಲ, ದಾವಣಗೆರೆಯಲ್ಲಿ ಓದುವ ಇಬ್ಬರು ಮಕ್ಕಳ ತಾಯಿ. ಒಂದು ಮನವಿ. ದಯವಿಟ್ಟು ಈ ನೋಟ್ ಬುಕ್ಕನ್ನು ಇನ್ನೊಂದು ಪ್ರಾಜೆಕ್ಟ್ ಮಾಡಬೇಡಿ.

ನನ್ನ ಮಗಳ ಶಾಲೆಯಲ್ಲಿ (ಹೆಸರು ಬೇಡ) "ಕ್ರಿಯೇಟಿವ್ ಸೈನ್ಸ್ ನೋಟ್ ಬುಕ್" ಅಂತ ಶುರು ಮಾಡಿದರು. ಬಣ್ಣದ ಪೇಪರ್, ಮಿನುಗುವ ಗಮ್, ಕಲರ್ ಪ್ರಿಂಟೌಟ್. ರಾತ್ರಿ ಒಂಬತ್ತು ಗಂಟೆಗೆ "ಮಮ್ಮಿ, ಹೃದಯದ ಚಿತ್ರ ಬೇಕು, ಕಲರ್‌ದು" ಅಂತಾಳೆ. ಝೆರಾಕ್ಸ್ ಅಂಗಡಿ ಬಾಗಿಲು ಹಾಕುವ ಹೊತ್ತು. ಕತ್ತರಿಸುವುದು ನಾನು, ಅಂಟಿಸುವುದು ಅವರಪ್ಪ. ಎ ಪ್ಲಸ್ ಬಂತು, ನಮ್ಮಿಬ್ಬರಿಗೆ. ಹೃದಯಕ್ಕೆ ಎಷ್ಟು ಕೋಣೆ ಅಂತ ಕೇಳಿದರೆ ಮಗಳು ಬುಕ್ಕು ಹುಡುಕುತ್ತಾಳೆ.

ಹರಿಹರದ ನಿವೃತ್ತ ಮೇಷ್ಟ್ರು

ಅಮ್ಮಾ, ಸರಿಯಾಗಿ ಹೇಳಿದಿರಿ. ಚಿತ್ರ ಮಗುವೇ ಬರೆಯಬೇಕು, ಪೆನ್ಸಿಲಲ್ಲಿ, ಸೊಟ್ಟಗಿದ್ದರೂ ಪರವಾಗಿಲ್ಲ. ಪ್ರಿಂಟೌಟ್ ಅಂಟಿಸುವಾಗ ಕಣ್ಣು ಗೆರೆಯ ಜೊತೆ ಓಡುವುದಿಲ್ಲ. ಹೃದಯದ ಎಡಗಡೆಯ ಗೋಡೆ ದಪ್ಪ ಅನ್ನುವುದು ಬರೆಯುವ ಕೈಗೆ ಗೊತ್ತಾಗುತ್ತದೆ. ಯಾಕೆ ದಪ್ಪ ಅಂತ ಆಗ ಕೇಳಬಹುದು.

ಚಳ್ಳಕೆರೆ ಲೋಲಕ

ತಡವಾಗಿ ಬಂದೆ. ತಿದ್ದುವ ಬಗ್ಗೆ ಯಾರೂ ಹೇಳಿಲ್ಲ, ಅಲ್ಲೇ ಅಲ್ವಾ ಎಲ್ಲ ಯೋಜನೆಗಳೂ ಸಾಯುವುದು? ಮೂರು ಸೆಕ್ಷನ್ ಇದ್ದರೆ ನೂರಿಪ್ಪತ್ತು ಬುಕ್ಕು. ವಾರಕ್ಕೊಮ್ಮೆ ಎಲ್ಲ ತಿದ್ದುತ್ತೇನೆ ಅಂದುಕೊಂಡವರು ಜುಲೈ ಹೊತ್ತಿಗೆ ಸುಸ್ತಾಗಿ ಬರೀ ಸಹಿ ಹಾಕುತ್ತಾರೆ.

ನಾನು ವಾರಕ್ಕೆ ಒಂದು ಸಾಲಿನ ಬೆಂಚುಗಳ ಬುಕ್ಕು ಮಾತ್ರ ತೆಗೆದುಕೊಳ್ಳುತ್ತೇನೆ. ಯಾವ ಪುಟ ನೋಡಬೇಕು ಅಂತ ಮಗುವೇ ಒಂದು ಮಡಿಕೆ ಹಾಕಿ ಕೊಡಬೇಕು. ಆ ಪುಟದಲ್ಲಿ ರೈಟ್ ಮಾರ್ಕು, ಗುಡ್, ವೆರಿ ಗುಡ್ ಏನೂ ಹಾಕುವುದಿಲ್ಲ. ಒಂದು ಪ್ರಶ್ನೆ ಬರೆಯುತ್ತೇನೆ. ಮುಂದಿನ ಸಲ ಬುಕ್ಕು ಬರುವಾಗ ಅದರ ಕೆಳಗೆ ಉತ್ತರ ಇರಬೇಕು. ಉಳಿದ ಸಾಲುಗಳವರು ಅವತ್ತು ಪಕ್ಕದವರ ಬುಕ್ಕು ಓದಿ, "ನೀನು ಇದನ್ನು ಹೇಗೆ ಅಳೆದೆ" ಅಂತ ಒಂದು ಪ್ರಶ್ನೆ ಕೇಳುತ್ತಾರೆ. ಗಲಾಟೆ ಆಗುತ್ತದೆ. ಆಗಲಿ.

ಬುಕ್ಕು ಶುರು ಮಾಡೋಕೆ ಲೋಲಕಕ್ಕಿಂತ (ದಾರಕ್ಕೆ ಕಲ್ಲು ಕಟ್ಟಿ ತೂಗಿಸುವುದು) ಒಳ್ಳೆಯದು ಇಲ್ಲ. ಲ್ಯಾಬ್ ಬೇಡ. ದಾರ, ಕಲ್ಲು, ಕಿಟಕಿ ಸರಳು, ಒಂದು ಮೊಬೈಲು. ಎಡಗಡೆ ಪುಟದಲ್ಲಿ ಮೊದಲು ಊಹೆ: ಭಾರದ ಕಲ್ಲು ಬೇಗ ತೂಗುತ್ತದಾ, ಹಗುರದ್ದಾ? ಹೆಚ್ಚು ಕಡಿಮೆ ಎಲ್ಲರೂ ಭಾರದ್ದೇ ಅಂತ ಬರೆಯುತ್ತಾರೆ. ಅಳೆದರೆ ಎರಡೂ ಒಂದೇ. ಆಮೇಲೆ ಉದ್ದ. 100 ಸೆಂಟಿಮೀಟರ್ ದಾರಕ್ಕೆ 10 ಆಂದೋಲನಕ್ಕೆ, ಅಂದರೆ ಹತ್ತು ಸಲ ಹೋಗಿ ಬರೋಕೆ, ಸುಮಾರು 20 ಸೆಕೆಂಡ್. ದಾರ ಅರ್ಧ ಮಾಡಿದರೆ ಎಷ್ಟು? ಎಲ್ಲರ ಊಹೆ 10. ಅಳೆದರೆ 14 ಬರುತ್ತದೆ. ಇಲ್ಲಿ ನೋಡಬೇಕು ಮುಖಗಳನ್ನು. ಕೆಲವರು ಮೊಬೈಲೇ ಸರಿ ಇಲ್ಲ ಅಂತಾರೆ. 10 ಸೆಕೆಂಡ್ ಬರಬೇಕಾದರೆ 25 ಸೆಂಟಿಮೀಟರಿಗೆ ಇಳಿಸಬೇಕು. ಇಲ್ಲಿ ಒಂದು ಎಚ್ಚರ: ಬಹಳ ಅಗಲ ತೂಗಬಾರದು, ಉದ್ದವನ್ನು ಕಲ್ಲಿನ ನಡುಭಾಗದವರೆಗೆ ಅಳೆಯಬೇಕು.

ಊಹೆ ತಪ್ಪಾಗಿದೆ ಅಂತ ಕೆಲವರು ಅಳಿಸೋಕೆ ಹೋಗುತ್ತಾರೆ. ಅಲ್ಲಿ ಹಿಡಿಯಿರಿ. ಊಹೆ ಪೆನ್ನಲ್ಲೇ ಬರೆಸಿ, ಪೆನ್ಸಿಲ್ ಬೇಡ.

ನಮ್ಮ ತಾಲ್ಲೂಕಿನ ಕುದಾಪುರದಲ್ಲಿ ಐಐಎಸ್ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಕ್ಯಾಂಪಸ್ ಇದೆ, ವಿಜ್ಞಾನ ಶಿಕ್ಷಕರಿಗೆ ಪ್ರಯೋಗದ ತರಬೇತಿ ನಡೆಯುತ್ತದೆ. ಅವಕಾಶ ಬಂದರೆ ಬಿಡಬೇಡಿ.

ಹೊಸದುರ್ಗ ಪಿಸಿಎಂ

ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಲೋಲಕದಿಂದಲೇ ಶುರು ಮಾಡುತ್ತೇನೆ ಸರ್. ಆದರೆ ಇನ್‌ಸ್ಪೆಕ್ಷನ್ ಬಂದಾಗ ಏನು ಮಾಡಲಿ? ಎಡಗಡೆ ಪುಟದಲ್ಲಿ ಗೆರೆ ಎಳೆದು ಹೊಡೆದು ಹಾಕಿದ್ದು, ಕಾಗುಣಿತ ತಪ್ಪು ಇರುವುದು ಎಲ್ಲ ಕಾಣುತ್ತದೆ. "ತಿದ್ದಿಲ್ಲ" ಅಂತ ರಿಮಾರ್ಕ್ ಬರೆದರೆ ನನಗೆ ಕಷ್ಟ.

ಸಿಆರ್‌ಪಿ ಒಬ್ಬ

ನಾನು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಶಾಲೆಗಳಿಗೆ ಭೇಟಿ ಕೊಡುವವನು, ಆದ್ದರಿಂದ ಮಾತಾಡುತ್ತೇನೆ. ಬುಕ್ಕಿನ ಮೊದಲ ಪುಟದಲ್ಲೇ ನಿಯಮ ಬರೆಸಿಬಿಡಿ. "ಎಡಗಡೆ ಪುಟ ವಿದ್ಯಾರ್ಥಿಯ ಸ್ವಂತ ವೀಕ್ಷಣೆ, ಇಲ್ಲಿ ಭಾಷೆ ತಿದ್ದುವುದಿಲ್ಲ" ಅಂತ. ಹೆಡ್ ಮಾಸ್ಟರ ಸಹಿ ಹಾಕಿಸಿ. ಬಂದವರು ಮೊದಲು ತೆಗೆಯುವುದು ಮೊದಲ ಪುಟವನ್ನೇ. ಸಹಿ ಇದ್ದರೆ ಪ್ರಶ್ನೆ ನಿಮ್ಮ ತನಕ ಬರುವುದಿಲ್ಲ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯ ದಾಖಲೆಗೂ ಇದೇ ಪುಟಗಳನ್ನು ತೋರಿಸಬಹುದು, ಅದಕ್ಕೆ ಅಂತ ಬೇರೆ ಡ್ರಾಯಿಂಗ್ ಶೀಟ್ ತರಿಸುವ ಕೆಲಸ ತಪ್ಪುತ್ತದೆ.

ನಿಮ್ಮ ಎರಡನೇ ಪ್ರಶ್ನೆ ಹಾಗೇ ಉಳಿದಿದೆ. ಒಂದೇ ಬುಕ್ಕು ಮಾಡಿ. ಮುಂದಿನಿಂದ ಪಿಸಿಎಂ, ಬುಕ್ಕು ತಿರುಗಿಸಿ ಹಿಂದಿನಿಂದ ಸಿಬಿಝಡ್.

ಚನ್ನಗಿರಿ ಸಿಬಿಝಡ್

ಸರ್, ಇದು ಬೇಡ. ಮಾಡಿ ನೋಡಿದವರನ್ನು ಕೇಳಿ. ಬುಕ್ಕು ಒಬ್ಬರ ಮೇಜಿನ ಮೇಲೆ ಇದ್ದರೆ ಇನ್ನೊಬ್ಬರ ಪೀರಿಯಡ್ಡಿಗೆ ಇರುವುದಿಲ್ಲ. "ಮಿಸ್, ಬುಕ್ಕು ಸರ್ ಹತ್ರ ಇದೆ" ಅನ್ನುವುದು ಮಕ್ಕಳಿಗೆ ಒಳ್ಳೆಯ ನೆಪ. 100 ಪುಟದ ಎರಡು ಬುಕ್ಕು ಮಾಡಿ, ಖರ್ಚು ಹೆಚ್ಚು ಕಡಿಮೆ ಅಷ್ಟೇ.

ಚಳ್ಳಕೆರೆ ಲೋಲಕ

ಮೇಡಂ ಮಾತಿಗೆ ನನ್ನದೂ ಒಂದು ವೋಟು. ಆದರೆ ಎರಡಕ್ಕೂ ನಿಯಮ ಒಂದೇ ಇರಲಿ. ಒಬ್ಬರ ಕ್ಲಾಸಿನಲ್ಲಿ ಎಡಗಡೆ ಮಗುವಿನದು, ಇನ್ನೊಬ್ಬರಲ್ಲಿ ಬಲಗಡೆ ಅಂದರೆ ಕೆಟ್ಟಿತು.

ಐಮಂಗಲ ಹುಡುಗ

ನಾನು ಈಗ ಬಿಎಸ್ಸಿ ಓದುತ್ತಿದ್ದೇನೆ. ಹೈಸ್ಕೂಲಿನಲ್ಲಿ ನಮ್ಮ ಸರ್ ಹೀಗೇ ಎರಡು ಪುಟದ ಬುಕ್ಕು ಮಾಡಿಸಿದ್ದರು. ಒಂದು ದಿನ ನಮ್ಮ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಕರೆದುಕೊಂಡು ಹೋದರು, ಪಿಲ್ಲೋ ಲಾವಾ ನೋಡೋಕೆ. ಹತ್ತಿರದ ಊರಿನವನಾದರೂ ನನಗೆ ಅದು ಬರೀ ಬಂಡೆ, ಹತ್ತಿ ಇಳಿದಿದ್ದೇವೆ ಅಷ್ಟೇ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡ್ ನೋಡಿ ಗೊತ್ತಾಗಿದ್ದು.

ಸರ್ ಏನೂ ಹೇಳಲಿಲ್ಲ. ಕೂತು ಚಿತ್ರ ಬರೆಯಿರಿ, ಪಕ್ಕದಲ್ಲಿ ನಿಮ್ಮ ಪೆನ್ನು ಇಟ್ಟು ಅದನ್ನೂ ಬರೆಯಿರಿ ಅಂದರು. ಪೆನ್ನು ಯಾಕೆ ಅಂದರೆ ಬಂಡೆ ಎಷ್ಟು ದೊಡ್ಡದು ಅಂತ ಆಮೇಲೆ ನೋಡಿದವರಿಗೆ ತಿಳಿಯಬೇಕು. ಬರೆಯುತ್ತಾ ಬರೆಯುತ್ತಾ ಗೊತ್ತಾಯಿತು, ಎಲ್ಲ ಉಂಡೆಗಳೂ ದುಂಡಗೆ, ಒಂದರ ಮೇಲೊಂದು ಒತ್ತಿಕೊಂಡಿವೆ. ಯಾಕೆ ಹೀಗೆ ಅಂತ ಎಲ್ಲರೂ ಎಡಗಡೆ ಬರೆದೆವು. ಹೊಳೆ ಉರುಳಿಸಿದ ಕಲ್ಲು ಅಂತ ನಾನು. ಯಾರೋ ದೇವರು ಅಂತಲೂ ಬರೆದಿದ್ದ.

ಆಮೇಲೆ ಸರ್ ಹೇಳಿದ್ದು, ಲಾವಾ ನೀರಿನೊಳಗೆ ಉಕ್ಕಿ ಬಂದರೆ ಹೊರಮೈ ತಕ್ಷಣ ತಣ್ಣಗಾಗಿ ಈ ಆಕಾರಕ್ಕೆ ಗಟ್ಟಿಯಾಗುತ್ತದೆ ಅಂತ. ಅಂದರೆ ಇಲ್ಲಿ ಒಂದು ಕಾಲಕ್ಕೆ ನೀರು ತುಂಬಿತ್ತು, ಅದೂ 250 ಕೋಟಿ ವರ್ಷಕ್ಕೂ ಹಿಂದೆ. ಬೋರು ಕೊರೆಸಿ ಕೊರೆಸಿ ಸಾಲ ಮಾಡಿಕೊಂಡ ನಮ್ಮೂರಲ್ಲಿ ಇದನ್ನು ಹೇಳಿದರೆ ಯಾರು ನಂಬುತ್ತಾರೆ? ನಮ್ಮಪ್ಪ ಇವತ್ತಿಗೂ ನಂಬಿಲ್ಲ. ಪುಟ ತೋರಿಸಿದ್ದೇನೆ.

ಟ್ಯೂಷನ್ ಸರ್‌ಗೆ ಒಂದು ಮಾತು. ಆ ಪಾಠದಿಂದ ನನಗೆ ಪರೀಕ್ಷೆಯಲ್ಲಿ ಒಂದು ಮಾರ್ಕ್ಸೂ ಬರಲಿಲ್ಲ. ಡಿಗ್ರಿಯಲ್ಲಿ ಜಿಯಾಲಜಿ ತೆಗೆದುಕೊಂಡೆ.

ದಾವಣಗೆರೆ ಟ್ಯೂಷನ್ ಸರ್

ತಮ್ಮಾ, ಒಳ್ಳೆಯದಾಗಲಿ. ಆದರೆ ನಿನ್ನ ಕ್ಲಾಸಿನ ಉಳಿದವರ ಕಥೆಯೂ ಬೇಕು ನನಗೆ. ನೀನೊಬ್ಬ ಬಂದು ಹೇಳಿದರೆ ಸಾಕ್ಷಿ ಸಾಲುವುದಿಲ್ಲ, ಇದೇ ಅಲ್ವಾ ವಿಜ್ಞಾನದ ಬುಕ್ಕು ಕಲಿಸುವುದು?

ಐಮಂಗಲ ಹುಡುಗ

ಅದು ಸರಿ ಸರ್ 😀 ವಾಟ್ಸ್ಯಾಪ್ ಗ್ರೂಪ್ ಇದೆ, ಕೇಳಿ ಹೇಳುತ್ತೇನೆ.

ಹೊಸದುರ್ಗ ಪಿಸಿಎಂ

ನಾನು ಇಷ್ಟಕ್ಕೆ ಬಂದಿದ್ದೇನೆ. 8ನೇ ತರಗತಿಯಿಂದ ಮಾತ್ರ ಶುರು. 10ನೇ ತರಗತಿಯವರನ್ನು ಈ ವರ್ಷ ಮುಟ್ಟುವುದಿಲ್ಲ, ಟ್ಯೂಷನ್ ಸರ್ ಭಯ ನನಗೂ ಇದೆ. ಎರಡು ಬುಕ್ಕು, ಎರಡಕ್ಕೂ ಒಂದೇ ನಿಯಮ, ನಮ್ಮ ಸಿಬಿಝಡ್ ಮೇಡಂ ಒಪ್ಪಿದ್ದಾರೆ. ಚನ್ನಗಿರಿ ಮೇಡಂ ಹೇಳಿದ ಮೂರು ಸಾಲು ಕಡ್ಡಾಯ.

ಉಳಿದದ್ದು ಬುಕ್ಕಿನ ಖರ್ಚು. ದಾನಿಗಳು ಕೊಡುವುದು ಆಗಸ್ಟ್ ಆಗಬಹುದು. ಅಲ್ಲಿಯವರೆಗೆ?

ಹರಿಹರದ ನಿವೃತ್ತ ಮೇಷ್ಟ್ರು

ಹಳೆಯ ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆ. ಹೋದ ವರ್ಷದ ಎಲ್ಲ ವಿಷಯದ ಬುಕ್ಕು ತರಿಸಿ, ಖಾಲಿ ಹಾಳೆ ಬಿಡಿಸಿ, ಒಟ್ಟು ಮಾಡಿ ದಬ್ಬಳದಲ್ಲಿ ಹೊಲಿಸಿ. ಮೊದಲ ಎರಡು ತಿಂಗಳಿಗೆ ಧಾರಾಳವಾಗಿ ಆಗುತ್ತದೆ. ಕೆಲವು ಹಾಳೆ ಡಬಲ್ ರೂಲು, ಕೆಲವು ಚೌಕುಳಿ ಬರುತ್ತವೆ. ಚೌಕುಳಿ ಹಾಳೆಗಳನ್ನು ತೆಗೆದಿಟ್ಟುಕೊಳ್ಳಿ, ಲೋಲಕದ ಗ್ರಾಫಿಗೆ ಬೇಕಾಗುತ್ತದೆ.

ಚನ್ನಗಿರಿ ಸಿಬಿಝಡ್

ರಟ್ಟು ಅಂಟಿಸೋಕೆ ಮೈದಾ ಅಂಟು ಮಾಡುತ್ತೀರಲ್ಲ, ಜಿರಳೆ ತಿನ್ನುತ್ತದೆ ಅಂತ ಬೈಂಡಿಂಗಿನವರು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ನೀವು ಹಾಕಬೇಡಿ ಮೇಡಂ, ಅದು ವಿಷ, ಮಕ್ಕಳ ಕೈ ಬಾಯಿಗೆ ಹೋಗುತ್ತದೆ. ಅಂಗಡಿ ಗಮ್ಮೇ ತನ್ನಿ. ಎಲೆ ಅಂಟಿಸುವುದಿದ್ದರೆ ಮೊದಲು ನ್ಯೂಸ್ ಪೇಪರ್ ನಡುವೆ ಇಟ್ಟು ಮೇಲೆ ಭಾರ ಹೇರಿ ಚೆನ್ನಾಗಿ ಒಣಗಿಸಿ, ಹಸಿ ಎಲೆ ಅಂಟಿಸಿದರೆ ಮಳೆಗಾಲದಲ್ಲಿ ಅಕ್ಕಪಕ್ಕದ ನಾಲ್ಕು ಪುಟಕ್ಕೆ ಬೂಸ್ಟು ಹಿಡಿಯುತ್ತದೆ. ಹಿಡಿದರೆ ಅದನ್ನೂ ಎಡಗಡೆ ಪುಟದಲ್ಲಿ ತಾರೀಖು ಹಾಕಿ ಬರೆಸಿ, ಶಿಲೀಂಧ್ರದ ಪಾಠಕ್ಕೆ ಆಗುತ್ತದೆ.